ತಮ್ಮ ದುಡಿದ, ಅಣ್ಣ ಬರೆದ

ಸ್ಪೇನಿನ ಕಾರ್ಡೊಬಾದ ಹಳೆಯ ಯಹೂದಿ ಕೇರಿಯಲ್ಲಿ, ಹನ್ನೆರಡನೇ ಶತಮಾನದ ಯಹೂದಿ ತತ್ವಜ್ಞಾನಿ, ವೈದ್ಯ ಮೈಮೊನಿಡಿಸ್‌ನ ಕಂಚಿನ ಪ್ರತಿಮೆ ಇದೆ. ರುಮಾಲು ಸುತ್ತಿ, ಕೈಯಲ್ಲಿ ಪುಸ್ತಕ ಹಿಡಿದು ಕೂತಿದ್ದಾನೆ. ಪಾದ ಮುಟ್ಟಿದರೆ ವಿದ್ಯೆ ಬರುತ್ತದಂತೆ. ಬಂದವರೆಲ್ಲ ಸವರಿ ಸವರಿ ಚಪ್ಪಲಿಯ ತುದಿ ಚಿನ್ನದ ಹಾಗೆ ಹೊಳೆಯುತ್ತಿತ್ತು. ನಾನೂ ಸವರಿದೆ. ಈ ವಯಸ್ಸಿನಲ್ಲಿ ಬಂದಷ್ಟು ಬರಲಿ, ಅಲ್ವಾ?

ಬಿಸಿಲು ಜೋರಾಗಿತ್ತು. ಗೋಡೆಯ ನೆರಳಿಗೆ ಸರಿದು, ಫೋನಿನಲ್ಲಿ ಇಳಿಸಿಕೊಂಡಿದ್ದ ಅವನ ಪತ್ರಗಳನ್ನು ಓದತೊಡಗಿದೆ. 1148ರಲ್ಲಿ, ಬೇರೆ ಧರ್ಮದವರನ್ನು ಸಹಿಸದ ಅಲ್ಮೊಹದರೆಂಬ ಉತ್ತರ ಆಫ್ರಿಕಾದ ಮುಸ್ಲಿಂ ಅರಸರು ಈ ಊರನ್ನು ಹಿಡಿದರು. ಅವನಿಗಾಗ ಸುಮಾರು ಹತ್ತು ವರ್ಷ. ಊರು ಬಿಟ್ಟ ಕುಟುಂಬ ಮೊರಾಕೊದ ಫೆಜ್, ಪ್ಯಾಲೆಸ್ಟೈನ್ ಎಲ್ಲ ಸುತ್ತಿ ಕೊನೆಗೆ ಈಜಿಪ್ಟಿನ ಫುಸ್ತಾತ್, ಅಂದರೆ ಈಗಿನ ಹಳೆ ಕೈರೊ, ಸೇರಿತು. ಅಲ್ಲಿ ತಮ್ಮ ದಾವೀದ ವ್ಯಾಪಾರ ಮಾಡುತ್ತಿದ್ದ, ಅಣ್ಣ ಓದಿಕೊಂಡು ಬರೆದುಕೊಂಡು ಇದ್ದ.

ಮಂಗಳೂರಿನವನಾದ ನನ್ನ ಕಣ್ಣು ನಿಂತದ್ದು ದಾವೀದನ ಪತ್ರದ ಮೇಲೆ. ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಬರೆದದ್ದು. ಇಲ್ಲಿ ಕೊಳ್ಳಲು ಬಟ್ಟೆಗೆ ಹಾಕುವ ನೀಲಿ ಬಣ್ಣ (ಇಂಡಿಗೊ) ಬಿಟ್ಟರೆ ಏನೂ ಇಲ್ಲ, ಹಾಗಾಗಿ ಹಡಗು ಹತ್ತಿ ಇಂಡಿಯಾಕ್ಕೆ ಹೊರಟಿದ್ದೇನೆ. ಮರುಭೂಮಿಯಲ್ಲಿ ಕಾಪಾಡಿದವನು ಸಮುದ್ರದಲ್ಲೂ ಕಾಪಾಡುತ್ತಾನೆ, ಮನೆಯವಳಿಗೆ ಧೈರ್ಯ ಹೇಳು ಎನ್ನುತ್ತಾನೆ. ನಮ್ಮ ಕಡೆಯ ಮೆಣಸು, ಶುಂಠಿಗೆಂದೇ ಅಂಥ ಹಡಗುಗಳು ಬರುತ್ತಿದ್ದ ಕಾಲ ಅದು.

ಕೊನೆಗೆ ಹಿಂದೂ ಮಹಾಸಾಗರದಲ್ಲೇ ದಾವೀದ ಮುಳುಗಿ ಸತ್ತ. ಅವನ ಜೊತೆ ಅಣ್ಣನ ಹಣವೂ ಊರವರ ಹಣವೂ ಮುಳುಗಿತು. ಹೆಂಡತಿ, ಪುಟ್ಟ ಮಗಳು ಅಣ್ಣನ ಪಾಲಿಗೆ ಉಳಿದರು. ಅಣ್ಣ ಜ್ವರ ಹಿಡಿದು ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ನನ್ನ ಮಡಿಲಲ್ಲಿ ಬೆಳೆದವನು, ತಮ್ಮನೂ ಅವನೇ, ಶಿಷ್ಯನೂ ಅವನೇ. ಅವನು ಸಂಪಾದಿಸುತ್ತಿದ್ದ, ನಾನು ನಿಶ್ಚಿಂತೆಯಿಂದ ಕೂತಿರುತ್ತಿದ್ದೆ ಎಂದು ಎಂಟು ವರ್ಷ ಕಳೆದ ಮೇಲೂ ಗೆಳೆಯನಿಗೆ ಬರೆದಿದ್ದಾನೆ. ಆ ಕೇರಿಯಲ್ಲಿ ದಾವೀದನಿಗೂ ಒಂದು ಪ್ರತಿಮೆ ಇರಬೇಕಿತ್ತು ಅಂತ ನನಗೆ ಅನಿಸಿತು.

ಆಮೇಲೆ ಹೊಟ್ಟೆಪಾಡಿಗೆ ವೈದ್ಯಕೀಯವೇ ಗತಿಯಾಯಿತು. 1199ರ ಪತ್ರದಲ್ಲಿ ಅವನ ದಿನಚರಿ ಇದೆ. ಬೆಳಿಗ್ಗೆ ಸುಲ್ತಾನನ ಅರಮನೆಯಲ್ಲಿ ವೈದ್ಯ. ಹಸಿದು ಮನೆಗೆ ಬಂದರೆ ಜಗಲಿ ತುಂಬ ರೋಗಿಗಳು. ಕೈ ತೊಳೆದು, ಸ್ವಲ್ಪ ತಡೆಯಿರಪ್ಪಾ ಎಂದು ಬೇಡಿಕೊಂಡು, ಇಡೀ ದಿನಕ್ಕೆ ಅದೊಂದೇ ಊಟ. ರಾತ್ರಿಯವರೆಗೂ ಚಿಕಿತ್ಸೆ, ಸುಸ್ತಾಗಿ ಕೊನೆಗೆ ಮಲಗಿಕೊಂಡೇ. ಈ ಗಡಿಬಿಡಿಯ ಬದುಕಿನಲ್ಲೇ, 1190ರ ಆಸುಪಾಸಿನಲ್ಲಿ, ತನ್ನ ದೊಡ್ಡ ತತ್ವಗ್ರಂಥವನ್ನೂ ಮುಗಿಸಿದ್ದ. ಅದನ್ನು ಹೀಬ್ರೂಗೆ ಅನುವಾದಿಸುತ್ತಿದ್ದ ಸ್ಯಾಮ್ಯುಯೆಲ್ ಇಬ್ನ್ ತಿಬ್ಬೊನ್ ಭೇಟಿಗೆ ಬರುತ್ತೇನೆಂದಾಗ ಕೊಟ್ಟ ಉತ್ತರವೇ ಆ ಪತ್ರ. ಬಾ, ಸಂತೋಷ, ಆದರೆ ಹಗಲಾಗಲಿ ರಾತ್ರಿಯಾಗಲಿ ಒಂದು ಗಂಟೆಯಾದರೂ ಶಾಸ್ತ್ರದ ಮಾತಿಗೆ ಸಿಗುತ್ತೇನೆ ಅಂದುಕೊಳ್ಳಬೇಡ, ಎಂದಿದ್ದಾನೆ.