ಮೆಟ್ಟಿಲಿನ ಲೆಕ್ಕ ಟೈಲ್ಸ್ ಮೇಲಿಂದ ಶುರು ಮಾಡಿ

ಅಣ್ಣನ ಮನೆ ಗೃಹಪ್ರವೇಶ ಆಗಿ ಮೂರು ತಿಂಗಳಾಗಿತ್ತು ಅಷ್ಟೇ, ಅಮ್ಮ ಮಹಡಿ ಮೇಲೆ ಒಣಗಿದ್ದ ಬಟ್ಟೆ ಎತ್ಕೊಂಡು ಇಳೀತಾ ಇದ್ದೋರು ಕೊನೆ ಮೆಟ್ಟಿಲಲ್ಲಿ ಎಡವಿ ಪಾದ ತಿರುಚ್ಕೊಂಡ್ರು, ಮೂರು ವಾರ ಕಾಲಿಗೆ ಬ್ಯಾಂಡೇಜು. ವಯಸ್ಸಾಯ್ತು, ನೋಡ್ಕೊಂಡು ಇಳೀಬೇಕಿತ್ತು ಅಂತ ಬಂದೋರೆಲ್ಲ ಹೇಳಿ ಹೋದ್ರು. ನಂಗೆ ಅದು ಸರಿ ಅನ್ನಿಸ್ಲಿಲ್ಲ, ಯಾಕಂದ್ರೆ ಅದೇ ಜಾಗದಲ್ಲಿ ನಂಗೂ ಎರಡು ಸಲ ಮಂಡಿ ಜಗ್ಗಿತ್ತು. ಟೇಪ್ ಹಿಡ್ಕೊಂಡು ಅಳೆದೆ. ಕೆಳಗಿನ ಮೊದಲನೇ ಮೆಟ್ಟಿಲು ನಾಲ್ಕೂವರೆ ಇಂಚು, ಮಧ್ಯದ್ದೆಲ್ಲ ಏಳು, ಮೇಲಿಂದು ಏಳೂವರೆ. ಇಳಿಯೋವಾಗ ಕಾಲು ಏಳು ಇಂಚಿಗೆ ರೆಡಿಯಾಗಿರತ್ತೆ, ನಾಲ್ಕೂವರೆಗೇ ನೆಲ ಸಿಕ್ಕಿಬಿಟ್ರೆ ಮೈಯೆಲ್ಲ ಅದುರತ್ತೆ. ಇದರಲ್ಲಿ ಅಮ್ಮಂದು ಏನ್ ತಪ್ಪು.

ಮೆಟ್ಟಿಲು ಹತ್ತೋವಾಗ ಯಾರೂ ನೋಡ್ಕೊಂಡು ಹತ್ತಲ್ಲ. ಮೊದಲ ಎರಡು ಹೆಜ್ಜೆಗೇ ಕಾಲು ಎತ್ತರ ಕಲ್ತುಬಿಡತ್ತೆ, ಆಮೇಲೆ ಅದೇ ಅಳತೇಲಿ ತಾನೇ ಎತ್ತತ್ತೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 36ನೇ ಸ್ಟ್ರೀಟ್ ಸಬ್‌ವೇ ಸ್ಟೇಷನ್ನಿನ ಮೆಟ್ಟಿಲುಗಳಲ್ಲಿ ಒಂದೇ ಒಂದು ಮೆಟ್ಟಿಲು ಒಂಚೂರು ಎತ್ತರ ಇತ್ತು, ಜನ ಒಬ್ಬರ ಹಿಂದೆ ಒಬ್ಬರು ಅಲ್ಲೇ ಎಡವ್ತಿದ್ದಿದ್ದನ್ನ 2012ರಲ್ಲಿ ಯಾರೋ ವಿಡಿಯೋ ಮಾಡಿ ಹಾಕಿದ್ಮೇಲೆ ಅದನ್ನ ಮುಚ್ಚಿ ಸರಿ ಮಾಡಿದ್ರು. ಅಮೆರಿಕದ ಮನೆಗಳ ಕೋಡ್ ಪ್ರಕಾರ ಒಂದೇ ಸಾಲಿನ ಮೆಟ್ಟಿಲುಗಳಲ್ಲಿ ಅತಿ ಎತ್ತರದ್ದಕ್ಕೂ ಅತಿ ಗಿಡ್ಡದ್ದಕ್ಕೂ ವ್ಯತ್ಯಾಸ ಮೂರು ನೂಲು (ಒಂದು ನೂಲು ಅಂದ್ರೆ ಇಂಚಿನ ಎಂಟನೇ ಒಂದು ಭಾಗ), ಅಂದ್ರೆ ಒಂಬತ್ತೂವರೆ ಎಂಎಂ ದಾಟಬಾರದು. ಅಣ್ಣನ ಮನೇಲಿ ಮೂರು ಇಂಚು!

ಹೋದ ವರ್ಷ ತುಮಕೂರಲ್ಲಿ ನಮ್ಮ 30-40 ಸೈಟಲ್ಲಿ ಕೆಲಸ ಶುರುವಾದಾಗ ನಾನು ಬೇರೆ ಯಾವುದಕ್ಕೂ ಇಷ್ಟು ತಲೆ ಕೆಡಿಸ್ಕೊಂಡಿಲ್ಲ, ಮೆಟ್ಟಿಲಿಗೆ ಮಾತ್ರ ದಿನಾ ಮೇಸ್ತ್ರಿ ಹತ್ರ ಕೂತೆ. ತಪ್ಪು ಎಲ್ಲಾಗತ್ತೆ ಅಂದ್ರೆ, ಮೆಟ್ಟಿಲಿಗೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯೋಕೆ ಹಲಗೆ ಅಚ್ಚು) ಹೊಡೆಯೋ ಹೊತ್ತಿಗೆ ಕೆಳಗೆ ನೆಲಾನೇ ಇರಲ್ಲ, ಬರೀ ಮಣ್ಣು ತುಂಬಿರ್ತಾರೆ. ಮೇಸ್ತ್ರಿ ಪ್ಲಿಂತ್ ಬೀಮ್ (ಪಾಯದ ಮೇಲೆ ಗೋಡೆ ಕೆಳಗಿರೋ ಕಾಂಕ್ರೀಟ್ ತೊಲೆ) ಮೇಲಿಂದ ಸ್ಲಾಬ್ ಮೇಲಿನವರೆಗೆ ಅಳೆದು, ಮೆಟ್ಟಿಲಿನ ಸಂಖ್ಯೆಗೆ ಭಾಗಿಸಿ ಗೆರೆ ಹಾಕ್ಬಿಡ್ತಾರೆ. ಕಾಂಕ್ರೀಟ್ ಅಚ್ಚುಕಟ್ಟಾಗೇ ಬರತ್ತೆ, ಎಲ್ಲಾ ಒಂದೇ ಸಮ. ಆಮೇಲೆ ಕೆಳಗೆ ಬೆಡ್ ಕಾಂಕ್ರೀಟು, ಗಾರೆ, ಟೈಲ್ಸ್ ಸೇರಿ ನೆಲ ನಾಲ್ಕು ಇಂಚು ಮೇಲೆದ್ದು ಮೊದಲನೇ ಮೆಟ್ಟಿಲನ್ನ ನುಂಗತ್ತೆ, ಮೇಲಿನ ನೆಲ ಎರಡು ಇಂಚು ಏರತ್ತೆ, ಮೆಟ್ಟಿಲಿನ ಗ್ರಾನೈಟು ಗಾರೆ ಸೇರಿ ಒಂದೂವರೆ ಇಂಚು ಮಾತ್ರ. ಈ ಮೂರೂ ಬೇರೆ ಬೇರೆ ದಪ್ಪ ಇರೋದ್ರಿಂದಲೇ ಎಲ್ಲಾ ಹೆಚ್ಚುಕಮ್ಮಿ ಆಗೋದು. ಅಂದ್ರೆ ಕೊನೇಲಿ ಸಮ ಬರಬೇಕಾದ್ರೆ ಕಾಂಕ್ರೀಟ್ ಬೇಕಂತಲೇ ಸಮ ಇರಬಾರದು.

ನಮ್ಮ ಲೆಕ್ಕ ಹೇಳ್ತೀನಿ. ಕೆಳಗಿನ ಟೈಲ್ಸ್ ಮೇಲಿಂದ ಮೇಲಿನ ಟೈಲ್ಸ್ ಮೇಲಿನವರೆಗೆ ಹತ್ತೂವರೆ ಅಡಿ, 126 ಇಂಚು. ಹದಿನೆಂಟರಿಂದ ಭಾಗಿಸಿದ್ರೆ ಸರಿಯಾಗಿ ಏಳು. ಕಾಂಕ್ರೀಟಲ್ಲಿ ಮೊದಲನೇ ಮೆಟ್ಟಿಲು ಪ್ಲಿಂತ್ ಬೀಮಿಂದ ಒಂಬತ್ತೂವರೆ ಇಂಚು (ಏಳಕ್ಕೆ ನಾಲ್ಕು ಕೂಡಿ ಒಂದೂವರೆ ಕಳೆದ್ರೆ), ಮಧ್ಯದ ಹದಿನಾರು ಏಳೇಳು, ಕೊನೆದು ಸ್ಲಾಬಿಗೆ ಆರೂವರೆ. ಕೂಡಿದ್ರೆ 128, ಅಷ್ಟೇ ಇತ್ತು ಬೀಮಿಂದ ಸ್ಲಾಬ್ ಮೇಲಕ್ಕೆ. ಮೇಸ್ತ್ರಿಗೆ ಒಂಬತ್ತೂವರೆ ಅಂದಾಗ ನಂಬ್ಲೇ ಇಲ್ಲ, ಇಷ್ಟು ವರ್ಷ ಹಿಂಗೇ ಮಾಡಿರೋದು ಸಾರ್, ಗ್ರಾನೈಟ್ ಹಾಕೋವಾಗ ಅಡ್ಜಸ್ಟ್ ಮಾಡ್ಕೋಬೋದು ಅಂದ್ರು. ಗಾರೇಲಿ ಕಾಲು ಇಂಚು, ಹೆಚ್ಚಂದ್ರೆ ಅರ್ಧ ಇಂಚು ಅಡ್ಜಸ್ಟ್ ಆಗತ್ತೆ, ಮೂರು ಇಂಚು ಆಗಲ್ಲ. ಪೇಪರಲ್ಲಿ ಬರೆದು ತೋರಿಸಿದ್ದಕ್ಕೆ ಒಪ್ಕೊಂಡ್ರು, ಆಮೇಲೆ ನನಗಿಂತ ಅವರೇ ಹುಷಾರಾಗಿ ನಿಂತ್ಕೊಂಡ್ರು, ಅದನ್ನ ಹೇಳ್ಲೇಬೇಕು.

ಮನೇಲಿ ಬೆಸ ಸಂಖ್ಯೆ ಬೇಕು ಅಂತ ಅಮ್ಮ ಹಠ ಹಿಡಿದ್ರು. ಹದಿನೇಳು ಮಾಡಿದ್ರೆ ಒಂದೊಂದು ಏಳು ಇಂಚು ಮೂರು ನೂಲು ದಾಟತ್ತೆ, 188 ಎಂಎಂ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡಲ್ಲಿ ಮನೆಗೆ 190 ಮಿತಿ, ತುಳಿಯೋ ಅಗಲ ಕನಿಷ್ಠ 250. ಮಿತಿ ಒಳಗೇ ಇದ್ರೂ ಮಂಡಿನೋವಿನವರಿಗೆ ಅದು ಜಾಸ್ತಿನೇ. ಮೇಲಿನ ನೆಲವನ್ನ ಮೆಟ್ಟಿಲು ಅಂತ ಎಣಿಸೋದು ಬೇಡ, ಆಗ ಹದಿನೇಳೇ ಆಗತ್ತೆ ಅಂತ ಅಮ್ಮನೇ ಎಣಿಸಿ ನೋಡಿ ಒಪ್ಕೊಂಡ್ರು.

ಗುರುತು ಹಾಕೋದು ಇನ್ನೊಂದು ಮುಖ್ಯವಾದ ವಿಷ್ಯ. ಮೊದಲು ನೀರಿನ ಟ್ಯೂಬ್ ಲೆವೆಲ್ ಹಿಡಿದು, ಮುಂದೆ ಬರೋ ಟೈಲ್ಸಿಂದ ಮೂರಡಿ ಮೇಲೆ ಎಲ್ಲಾ ಗೋಡೆಗೂ ಒಂದು ಗೆರೆ ಎಳೆಸಿದೆ, ಎಲ್ಲಾ ಅಳತೆಗೂ ಅದೇ ಆಧಾರ. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಏಳೇಳು ಇಂಚು ಅಳೀತಾ ಹೋದ್ರೆ ಪ್ರತಿ ಸಲ ಒಂದು ನೂಲು ತಪ್ಪಿದ್ರೂ ಹದಿನೆಂಟಕ್ಕೆ ಎರಡು ಕಾಲು ಇಂಚು ಕೂಡ್ಕೊಳತ್ತೆ. ಅದಕ್ಕೆ ಒಂದು ನೇರವಾದ ರೀಪರ್ (ಮರದ ಪಟ್ಟಿ) ತಗೊಂಡು ಟೇಪಿನ ಸೊನ್ನೆ ಅಲ್ಲಾಡಿಸ್ದೆ 7, 14, 21, 28 ಅಂತ ಅದ್ರ ಮೇಲೆ ಗುರುತು ಹಾಕಿ, ಗೋಡೆ ಪಕ್ಕ ನಿಲ್ಲಿಸಿ, ಪೆನ್ಸಿಲಲ್ಲಿ ಇಡೀ ಮೆಟ್ಟಿಲನ್ನ ಗೋಡೆ ಮೇಲೆ ಬರೆದ್ವಿ. ಟೈಲ್ಸ್, ಗ್ರಾನೈಟ್ ಗೆರೆ ಕೆಂಪು, ಕಾಂಕ್ರೀಟ್ ಗೆರೆ ನೀಲಿ. ಮಿಡ್ ಲ್ಯಾಂಡಿಂಗನ್ನೂ ಒಂದು ಮೆಟ್ಟಿಲು ಅಂತಲೇ ಹಿಡಿದ್ವಿ, ಅಲ್ಲೂ ಒಂದೂವರೆ ಇಂಚೇ ಗಾರೆ, ಗ್ರಾನೈಟು ಸೇರಿ.

ಕಾಂಕ್ರೀಟ್ ದಿನ ಸಂಜೆ ಐದೂವರೆ ಇರಬೇಕು, ವೈಬ್ರೇಟರ್ ಹೊಡೆದ ಮೇಲೆ ಏಳನೇ ಮೆಟ್ಟಿಲ ಹಲಗೆ ಉಬ್ಬಿ ಕಾಂಕ್ರೀಟು ನೀಲಿ ಗೆರೆ ಮೇಲೆ ಕೂತಿತ್ತು. ರಸಮಟ್ಟ ಇಟ್ಟು ನೋಡಿದ್ರೆ ಗೋಡೆ ಕಡೆ ಅರ್ಧ ಇಂಚು ಜಾಸ್ತಿ. ಮೇಸ್ತ್ರಿ ಕೆಳಗಿನ ಹಲಗೆ ಮೇಲೆ ಒಂದು ಕಾಲಿಟ್ಟು ಬಗ್ಗಿ, ಕರಣೆಯಲ್ಲಿ ಕೆರೆದು ಜಲ್ಲಿ ಒಂದೊಂದೇ ತೆಗೆದು, ಗೆರೆ ಪೂರ್ತಿ ಕಾಣೋವರೆಗೆ ಇಳಿಸಿದ್ರು. ಒಂದು ಗಂಟೆ ತಡ ಆಗಿದ್ರೆ ಉಳಿ ಹಿಡಿದು ಒಡೀಬೇಕಿತ್ತು.

ಗ್ರಾನೈಟ್ ಮುಗಿದ್ಮೇಲೆ ಹದಿನೆಂಟೂ ಅಳೆದೆ. ಹೆಚ್ಚಿನದು 179 ಎಂಎಂ, ಕಮ್ಮಿದು 176. ನಂಗೆ ಅವತ್ತು ಆದ ಖುಷಿ ಗೃಹಪ್ರವೇಶದ ದಿನಾನೂ ಆಗ್ಲಿಲ್ಲ.

ಅಣ್ಣನ ಮನೇದೂ ಈಗ ಸರಿ ಮಾಡಿಸ್ತಿದೀವಿ. ಕೆಳಗಿಂದು ಒಂದನ್ನೇ ಎತ್ತರಿಸಿದ್ರೆ ಎರಡನೇದು ಗಿಡ್ಡ ಆಗತ್ತೆ, ಅದಕ್ಕೆ ಅಷ್ಟೂ ಗ್ರಾನೈಟ್ ಕೀಳಲೇಬೇಕು. ಕಿತ್ತು, ಕೆಳಗಿನ ಮೆಟ್ಟಿಲಿಗೆ ಹತ್ರ ಹತ್ರ ಎರಡೂವರೆ ಇಂಚು ಏರಿಸಿ, ಮೇಲೆ ಹೋಗ್ತಾ ಸ್ವಲ್ಪ ಸ್ವಲ್ಪನೇ ಕಮ್ಮಿ ಮಾಡ್ಕೊಂಡು, ಮೇಲಿಂದಕ್ಕೆ ಬರೋ ಹೊತ್ತಿಗೆ ಅರ್ಧ ಇಂಚು ಚಿಲ್ಲರೆ ಉಳಿಯತ್ತೆ. ಆಗ ಎಲ್ಲವೂ ಆರು ಮುಕ್ಕಾಲು ಇಂಚು ಒಂದು ನೂಲಿಗೆ ಬರತ್ತೆ. ಹಳೇ ಕಾಂಕ್ರೀಟನ್ನ ಒರಟು ಮಾಡಿ, ತೊಳೆದು, ಹಳೇದಕ್ಕೆ ಹೊಸದು ಅಂಟಿ ಕೂರೋ ಹಾಗೆ ಬಾಂಡಿಂಗ್ ಏಜೆಂಟ್ ಬಳಿದು ಹಾಕ್ಬೇಕು. ನಮ್ಮ ಮೇಸ್ತ್ರಿನೇ ಭಾನುವಾರ ಬಂದು ಅಲ್ಲಿನ ಗೋಡೆಗೆ ಕೆಂಪು ಗೆರೆ ಎಳೆದು ಹೋಗಿದಾರೆ.