ನಾಲ್ಕಿಂಚಿನ ಜಂಪರ್ ವೈರ್

ನನ್ನ ಟೂಲ್‌ಬಾಕ್ಸ್‌ನ ಮೇಲಿನ ಡ್ರಾಯರ್‌ನಲ್ಲಿ ನಾಲ್ಕಿಂಚು ಉದ್ದದ ಒಂದು ಕೆಂಪು ವೈರ್ ಇದೆ. ಎರಡೂ ತುದಿಗೆ ಸ್ಪೇಡ್ ಟರ್ಮಿನಲ್. ಅದು ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಗುತ್ತದೆ.

ಗಾಡಿ 2,40,000 ಕಿಲೋಮೀಟರ್ ಓಡಿತ್ತು. ಸ್ಟಾಕ್ ಇಂಜಿನ್, ಹೆಡ್ ಒಮ್ಮೆಯೂ ಬಿಚ್ಚಿದ್ದಲ್ಲ. ಓನರ್‌ಗೆ 75 ಶಾಟ್‌ನ ವೆಟ್ ನೈಟ್ರಸ್ ಕಿಟ್ ಬೇಕಿತ್ತು, ಅಂದರೆ ಬಾಟಲ್‌ನ ನೈಟ್ರಸ್ ಆಕ್ಸೈಡ್ ಗ್ಯಾಸಿನ ಜೊತೆ ಹೆಚ್ಚುವರಿ ಪೆಟ್ರೋಲನ್ನೂ ಇಂಜಿನ್‌ಗೆ ಚಿಮ್ಮಿಸಿ ಸುಮಾರು 75 ಹಾರ್ಸ್‌ಪವರ್ ಏರಿಸುವಂಥದ್ದು. ಇಂಥ ಗಾಡಿ ಬಂದರೆ ನಮ್ಮ ಬೇಯಲ್ಲಿ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷ, ‘ಮುದುಕನನ್ನ ಓಟಕ್ಕೆ ಬಿಡ್ತೀರಲ್ಲಪ್ಪ’ ಅನ್ನುತ್ತದೆ. ಇನ್ನೊಂದು ಪಕ್ಷದ ವಾದ ಬೇರೆ: ಜಾಸ್ತಿ ಓಡಿದ ಇಂಜಿನ್‌ನಲ್ಲಿ ಪಿಸ್ಟನ್ ರಿಂಗ್ ತೇಯ್ದು ಅದರ ಎರಡು ತುದಿಗಳ ನಡುವಿನ ಗ್ಯಾಪ್ ಅಗಲ ಆಗಿರುತ್ತದೆ, ನೈಟ್ರಸ್ ಬಿಸಿಗೆ ಹಿಗ್ಗಿದರೂ ತುದಿಗಳು ಒಂದಕ್ಕೊಂದು ತಾಗಿ ಪಿಸ್ಟನ್ ಮುರಿಯುವುದಿಲ್ಲ, ಹಾಗಾಗಿ ಹೊಸದಕ್ಕಿಂತ ಇದೇ ವಾಸಿ. ನಾನು ಈ ಎರಡನೇ ಪಕ್ಷದವನು. ಇಷ್ಟೆಲ್ಲ ಆದ ಮೇಲೂ ಪಕ್ಷ ಬದಲಿಸಿಲ್ಲ.

ಇಂಜಿನ್ ಚೆಕ್ ಮಾಡಿದ್ದರಲ್ಲಿ ನನ್ನದೇನೂ ತಪ್ಪಿಲ್ಲ. ನಾಲ್ಕು ಸಿಲಿಂಡರ್‌ನ ಕಂಪ್ರೆಷನ್ 168, 165, 170, 166 ಪಿಎಸ್‌ಐ (ಒತ್ತಡದ ಅಳತೆ). ಲೀಕ್‌ಡೌನ್, ಅಂದರೆ ಸಿಲಿಂಡರ್‌ನಿಂದ ಸೋರುವ ಗಾಳಿ, ಎಲ್ಲ ಸಿಲಿಂಡರ್‌ನಲ್ಲೂ 10 ಪರ್ಸೆಂಟ್ ಒಳಗೆ. ಆಯಿಲ್ ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದರೆ ವಾಪಸ್ ಕಳಿಸುತ್ತಿದ್ದೆ. ರಿಂಗ್ ದಾಟಿ ಚೇಂಬರ್‌ಗೆ ಬರುವ ಆಯಿಲ್ ಪೆಟ್ರೋಲ್‌ನ ಆಕ್ಟೇನ್, ಅಂದರೆ ತಾನಾಗಿ ಸಿಡಿಯದೆ ತಡೆಯುವ ಶಕ್ತಿ, ಇಳಿಸಿಬಿಡುತ್ತದೆ. ಒಂದು ಸ್ಟೆಪ್ ಕೋಲ್ಡ್ ಪ್ಲಗ್ ಹಾಕಿದೆ, ಗ್ಯಾಪ್ 0.9 ಮಿಲಿಮೀಟರ್. ಟೈಮಿಂಗ್ 3 ಡಿಗ್ರಿ ರಿಟಾರ್ಡ್, ಅಂದರೆ ಕಿಡಿ ಅಷ್ಟು ತಡ. 3,000ದಿಂದ 6,000 ಆರ್‌ಪಿಎಂ ನಡುವೆ ಮಾತ್ರ ನೈಟ್ರಸ್ ಬಿಡುವ ವಿಂಡೋ ಸ್ವಿಚ್. ಪೆಡಲ್ ಪೂರ್ತಿ ತುಳಿಯದೆ ನೈಟ್ರಸ್‌ನ ಸೊಲಿನಾಯ್ಡ್ ವಾಲ್ವ್ ತೆರೆಯದ ಹಾಗೆ ಥ್ರಾಟಲ್ ಸ್ವಿಚ್. ಫ್ಯುಯೆಲ್ ಪ್ರೆಶರ್ 52 ಪಿಎಸ್‌ಐಗಿಂತ ಇಳಿದರೆ ನೈಟ್ರಸ್ ಕಟ್ ಮಾಡುವ ಸೇಫ್ಟಿ ಸ್ವಿಚ್ಚನ್ನೂ ಕೂರಿಸಿದೆ. ಐಡಲ್‌ನಲ್ಲಿ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಪ್ರೆಶರ್ 58 ತೋರಿಸಿತು. ಸರಿ ಇದೆ ಅಂತ ಗೇಜ್ ಬಿಚ್ಚಿ ಇಟ್ಟೆ.

ಅದ್ಯಾಕೆ ಬಿಚ್ಚಿದೆ ಅಂದರೆ, ಮಧ್ಯಾಹ್ನ ಡೈನೊ (ಗಾಡಿಯ ಪವರ್ ಅಳೆಯುವ ಮೆಷಿನ್) ಮೇಲೆ ಇನ್ನೊಂದು ಗಾಡಿ ಹತ್ತಬೇಕಿತ್ತು. ಮ್ಯಾನೇಜರ್ ಅರ್ಧ ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು ವಾಚ್ ನೋಡಿಕೊಂಡು ಹೋಗುತ್ತಿದ್ದರು. ಬಾಯಿ ಬಿಟ್ಟು ಏನಾದರೂ ಹೇಳಿದ್ದರೆ ತಿರುಗಿ ಹೇಳಬಹುದಿತ್ತು. ಸುಮ್ನೆ ನಿಲ್ಲುವವರಿಗೆ ಏನು ಹೇಳುವುದು?

ಮೊದಲನೇ ಪುಲ್, ಅಂದರೆ ಡೈನೊ ಮೇಲೆ ಪೆಡಲ್ ಪೂರ್ತಿ ತುಳಿದು ಒಂದು ಓಟ. ಬಾಟಲ್ ಇನ್ನೂ ತಣ್ಣಗಿತ್ತು, 780 ಪಿಎಸ್‌ಐ. 4,800ಕ್ಕೇ ಕಾಲು ಎತ್ತಿದೆ. ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ), ಆದರೆ ಎಲ್ಲ ಸಲೀಸು. ಬಾಟಲ್ ಹೀಟರ್ ಆನ್ ಮಾಡಿ 950ಕ್ಕೆ ತಂದೆವು.

ಎರಡನೇ ಪುಲ್‌ನಲ್ಲಿ 5,300 ದಾಟುತ್ತಿದ್ದ ಹಾಗೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದ ಹಾಗೆ ಪವರ್ ಬಿತ್ತು. ನೈಟ್ರಸ್ ಲೈಟ್ ಆರಿತ್ತು. ಸೇಫ್ಟಿ ಸ್ವಿಚ್ ಕಟ್ ಮಾಡಿತ್ತು.

ಆ ಐದು ನಿಮಿಷವನ್ನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಬಾನೆಟ್ ಎತ್ತಿದೆ. ಸ್ವಿಚ್ಚಿನ ಕನೆಕ್ಟರ್ ಅಲ್ಲಾಡಿಸಿದೆ. ಹಿಂದಿನ ತಿಂಗಳು ಇದೇ ತರದ ಒಂದು ಸ್ವಿಚ್ ಡಬ್ಬಿಯಿಂದಲೇ ಕೆಟ್ಟು ಬಂದಿತ್ತು. ತಲೆಯಲ್ಲಿ ಅದೇ ಕೂತಿತ್ತು. ‘ಫಾಲ್ಸ್ ಟ್ರಿಪ್’ ಅಂದೆ, ಯಾರೂ ಕೇಳದಿದ್ದರೂ. ಜೂನಿಯರ್ ಹುಡುಗ, ‘ಗೇಜ್ ಹಾಕಿ ನೋಡೋಣ್ವಾ ಅಣ್ಣ?’ ಅಂದ. ‘ಐಡಲ್‌ನಲ್ಲಿ 58 ಇತ್ತಲ್ಲೋ’ ಅಂದೆ. ಬಾಗಿಲಲ್ಲಿ ಮ್ಯಾನೇಜರ್. ಡ್ರಾಯರ್‌ನಿಂದ ಆ ಕೆಂಪು ವೈರ್ ತೆಗೆದು ಸ್ವಿಚ್ಚಿನ ಎರಡು ಪಿನ್ನಿಗೆ ಸಿಕ್ಕಿಸಿದೆ, ಅದು ಇನ್ನು ಕಟ್ ಮಾಡದ ಹಾಗೆ. ಒಂದು ಪುಲ್ ಅಷ್ಟೇ, ಆಮೇಲೆ ಹೊಸ ಸ್ವಿಚ್ ಹಾಕೋಣ ಅಂತ.

ಮೂರನೇ ಪುಲ್. ನನ್ನ ಕಣ್ಣು ಇದ್ದದ್ದು ಪವರ್ ಗ್ರಾಫ್ ಮೇಲೆ. ನೋಡಬೇಕಿದ್ದದ್ದು ಪಕ್ಕದ ಗೆರೆ, ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್‌ನದು; ಅಂಕಿ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. 5,300ರವರೆಗೆ 11.8ರಲ್ಲಿ ಮಲಗಿದ್ದ ಆ ಗೆರೆ 5,700ಕ್ಕೆ 13.4 ಮುಟ್ಟಿತ್ತು ಅಂತ ಗೊತ್ತಾಗಿದ್ದು ಲಾಗ್ ತೆರೆದ ಮೇಲೆ. ಕಿವಿಗೆ ಮೊದಲು ಬಂದದ್ದು ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಎರಡು ಸೆಕೆಂಡೂ ಇಲ್ಲ. ಕಾಲು ಎತ್ತುವಷ್ಟರಲ್ಲಿ ಡಿಪ್‌ಸ್ಟಿಕ್ ಮೇಲಕ್ಕೆ ಹಾರಿ, ಟ್ಯೂಬ್‌ನಿಂದ ನೀಲಿ ಹೊಗೆ ಎದ್ದಿತ್ತು. ಹುಡುಗ ಓಡಿ ಹೋಗಿ ಬಾಟಲ್ ವಾಲ್ವ್ ಮುಚ್ಚಿದ. ನಾನು ಸ್ಟೀರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದೆ.

ಮೂರನೇ ಸಿಲಿಂಡರ್‌ನ ಪ್ಲಗ್ ತೆಗೆದರೆ ಬಿಳಿ ಪಿಂಗಾಣಿಯ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಮಣಿಗಳು. ಅದು ಕಾರ್ಬನ್ ಅಲ್ಲ, ಪಿಸ್ಟನ್‌ನ ಅಲ್ಯೂಮಿನಿಯಂ. ಬಿಚ್ಚಿದಾಗ ರಿಂಗ್ ಲ್ಯಾಂಡ್ (ಪಿಸ್ಟನ್‌ನಲ್ಲಿ ರಿಂಗ್‌ಗಳ ನಡುವಿನ ಅಂಚು) ಎರಡು ಬೆರಳಗಲ ಮುರಿದಿತ್ತು. ರಿಂಗಿನ ತುದಿಗಳು ತಾಗಿದ ಗುರುತೇ ಇರಲಿಲ್ಲ. ನಮ್ಮ ಪಕ್ಷದ ವಾದ ಗೆದ್ದಿತ್ತು, ಇಂಜಿನ್ ಹೋಗಿತ್ತು.

ಕೊಂದದ್ದು ಪಂಪ್. ಫಿಲ್ಟರ್ ಕತ್ತರಿಸಿ ನೋಡಿದರೆ ಒಳಗೆ ಕಪ್ಪು ಕೆಸರು. ಪಂಪಿನಿಂದ ನೇರವಾಗಿ ಅಳತೆ ಡಬ್ಬಕ್ಕೆ ಪೆಟ್ರೋಲ್ ಬಿಟ್ಟು ನೋಡಿದೆವು. ಬರಬೇಕಾದ್ದರ ಮುಕ್ಕಾಲು ಪಾಲೂ ಬರಲಿಲ್ಲ. ಐಡಲ್‌ನಲ್ಲಿ ಇಂಜಿನ್ ಎಷ್ಟು ಕುಡಿದೀತು? ಅಷ್ಟಕ್ಕೆ ಆ ಮುದಿ ಪಂಪ್ 58 ಹಿಡಿದು ನಿಲ್ಲುತ್ತಿತ್ತು. 5,300ರ ಮೇಲೆ ಇಂಜೆಕ್ಟರ್‌ಗಳ ಜೊತೆ ಕಿಟ್‌ನ ಫ್ಯುಯೆಲ್ ಜೆಟ್ಟೂ ಬಾಯಿ ತೆರೆದಾಗ ಅದರ ಕೈಲಾಗಲಿಲ್ಲ. ಇಂಜಿನ್‌ಗೆ ಎಷ್ಟು ವಯಸ್ಸೋ ಪಂಪಿಗೂ ಅಷ್ಟೇ ವಯಸ್ಸು ಅಂತ ನನಗೆ ಹೊಳೆಯಲೇ ಇಲ್ಲ. ಆ ಸ್ವಿಚ್ಚನ್ನು ಆಮೇಲೆ ಬೆಂಚ್ ಮೇಲೆ ಟೆಸ್ಟ್ ಮಾಡಿದೆ. ಸರಿಯಾಗಿ 52ಕ್ಕೆ ಕಟ್.

ಈಗ ಹಳೇ ಗಾಡಿ ಬಂದರೆ ಪಂಪ್, ಫಿಲ್ಟರ್ ಬದಲಿಸದೆ ಕಿಟ್‌ನ ಡಬ್ಬಿಯನ್ನೇ ಒಡೆಯುವುದಿಲ್ಲ. ಮೆಕ್ಯಾನಿಕಲ್ ಗೇಜ್‌ಗೆ ಉದ್ದ ಹೋಸ್ ಹಾಕಿ, ವಿಂಡ್‌ಶೀಲ್ಡ್‌ನ ಹೊರಗೆ ಟೇಪ್ ಹಚ್ಚಿ, ನೈಟ್ರಸ್ ಇಲ್ಲದೆ ಒಂದು ಪುಲ್ ಮಾಡಿ ಮುಳ್ಳು ಅಲ್ಲಾಡುತ್ತಾ ನೋಡುತ್ತೇನೆ. ಹದಿನೈದು ನಿಮಿಷದ ಕೆಲಸ. ಆವತ್ತು ಉಳಿಸಲು ಹೋದದ್ದೂ ಅದೇ ಹದಿನೈದು ನಿಮಿಷ.

ಮ್ಯಾನೇಜ್‌ಮೆಂಟ್ ಕೂಡ ಸುಮ್ಮನೆ ಕೂರಲಿಲ್ಲ, 22 ಟಿಕ್ ಇರುವ ಒಂದು ಫಾರ್ಮ್ ಮಾಡಿದೆ. ಟೈರ್ ಪ್ರೆಶರ್‌ಗೆ ಟಿಕ್ ಇದೆ, ಫ್ಲೋರ್ ಗುಡಿಸಿದ್ದಕ್ಕೆ ಟಿಕ್ ಇದೆ. ಲೋಡ್‌ನಲ್ಲಿ ಫ್ಯುಯೆಲ್ ಪ್ರೆಶರ್ ನೋಡಿದ್ದಕ್ಕೆ ಇಲ್ಲ. ನಾನು ಕೆಳಗೆ ಪೆನ್ನಿನಲ್ಲಿ ಬರೆಯುತ್ತೇನೆ.

ಇಂಜಿನ್ ಕಟ್ಟಿ ಗಾಡಿ ವಾಪಸ್ ಕೊಡುವಾಗ 50 ಶಾಟ್ ಜೆಟ್ ಹಾಕಿ ಕೊಟ್ಟೆ. ಓನರ್ ಒಂದು ಸುತ್ತು ಹೋಗಿ ಬಂದು, ಬಾನೆಟ್ ಮೇಲೆ ಕೈಯಿಟ್ಟು ಕೇಳಿದ: ‘ಈಗ ಒಳಗೆ ಎಲ್ಲ ಹೊಸದೇ ಅಲ್ವಾ? 100 ಹಾಕಬಹುದಾ?’