ಒತ್ತಕ್ಷರ ಮುಂಬೈ ತಲುಪಿದ ದಿನ

1999ರ ಏಪ್ರಿಲ್. ಸಾಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇತ್ತು. ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಹತ್ತು ನಿಮಿಷ ಜೀವ ಹಿಡಿದುಕೊಳ್ಳುವ ಒಂದು ಯುಪಿಎಸ್ಸು. ಏಪ್ರಿಲ್, ಮೇ ಬಂತೆಂದರೆ ನಮಗೆ ಲಗ್ನಪತ್ರಿಕೆಯ ಸುಗ್ಗಿ. ನಾನು ಅಕ್ಷರ ಜೋಡಿಸಿ ಟ್ರೇಸಿಂಗ್ ಪೇಪರಿನಲ್ಲಿ ಪ್ರಿಂಟ್ ತೆಗೆದು ಕೊಟ್ಟರೆ, ಪಕ್ಕದ ಬೀದಿಯ ಪ್ರೆಸ್ಸಿನವರು ಅಚ್ಚು ಹಾಕುತ್ತಿದ್ದರು.

ಅಕ್ಷರ ಜೋಡಿಸುವುದು ಕಷ್ಟವಲ್ಲ. ಪ್ರೂಫ್ ತೋರಿಸುವುದೇ ಕಷ್ಟ. ನಮ್ಮ ಕಡೆಯ ಮನೆಗಳಲ್ಲಿ ಅರ್ಧ ಜನ ತೋಟದಲ್ಲಿ, ಅರ್ಧ ಜನ ಬೆಂಗಳೂರು, ಮುಂಬೈಯಲ್ಲಿ. ಬೆಂಗಳೂರಿಗಾದರೆ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಟ್ಟರೆ ಆಯ್ತು. ಮುಂಬೈಗೆ ಕೊರಿಯರ್ ಹೋಗಿ, ತಿದ್ದಿದ್ದು ವಾಪಸ್ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಫೋನಿನಲ್ಲಿ ಓದಿ ಹೇಳಿದರೆ ಶಕಾರವೋ ಷಕಾರವೋ ಕಿವಿಗೆ ಗೊತ್ತಾಗುವುದಿಲ್ಲ.

ಇಮೇಲ್ ಅಂತ ಒಂದು ಬಂದಿದೆ ಎಂದು ಕೇಳಿದ್ದೆವು. ದೇಶದಲ್ಲಿ 1995ರ ಆಗಸ್ಟ್ 15ರಂದೇ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತ್ತು. ಆದರೆ ನಾವು ಅದಕ್ಕೆ ಬೆಂಗಳೂರಿಗೆ ಎಸ್‌ಟಿಡಿ ಮಾಡಬೇಕಿತ್ತು. ಅದಕ್ಕಿಂತ ದೊಡ್ಡ ತೊಡಕು ಕನ್ನಡದ್ದು. ಕನ್ನಡ ಟೈಪಿಂಗಿಗೆ ಒಬ್ಬೊಬ್ಬರದು ಒಂದೊಂದು ಸಾಫ್ಟ್‌ವೇರ್. ಶ್ರೀಲಿಪಿಯ ಅಕ್ಷರ ಆಕೃತಿಯಲ್ಲಿ ತೆರೆಯುವುದಿಲ್ಲ, ಆಕೃತಿಯದ್ದು ಪ್ರಕಾಶಕ್‌ನಲ್ಲಿ ತೆರೆಯುವುದಿಲ್ಲ. ನಮ್ಮ ಹತ್ತಿರ ಇರುವ ಫಾಂಟೇ ಅವರ ಹತ್ತಿರವೂ ಇರಬೇಕು. ಇಲ್ಲದಿದ್ದರೆ ಅಲ್ಲಿ ಕಾಣುವುದು ಬರೀ ಚಿಹ್ನೆಗಳ ರಾಶಿ.

ಫ್ಯಾಕ್ಸಿಗೆ ಆ ರಗಳೆಯೇ ಇಲ್ಲ. ಅದಕ್ಕೆ ಅಕ್ಷರ ಎಂಬುದೇ ಗೊತ್ತಿಲ್ಲ. ಪುಟವನ್ನು ಗೆರೆಗೆರೆಯಾಗಿ ಸೀಳಿ, ಎಲ್ಲಿ ಕಪ್ಪು ಎಲ್ಲಿ ಬಿಳಿ ಎಂದಷ್ಟೇ ಕಳಿಸುತ್ತದೆ. ಕನ್ನಡವಾದರೇನು, ರಂಗೋಲಿಯಾದರೇನು. ಬಸ್ ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ಫ್ಯಾಕ್ಸ್ ಮಷೀನ್ ಇತ್ತು. ಆದರೆ ಅದಕ್ಕೆ ಪ್ರಿಂಟ್ ಮಾಡಿದ ಹಾಳೆ ಕೊಡಬೇಕು, ಅದು ಮತ್ತೆ ಸ್ಕ್ಯಾನ್ ಮಾಡಿ ಕಳಿಸಬೇಕು. ಸಣ್ಣ ಅಕ್ಷರಗಳೆಲ್ಲ ಮಸಿಯಾಗುತ್ತಿದ್ದವು. ಕಂಪ್ಯೂಟರಿನಿಂದಲೇ ನೇರ ಹೋದರೆ ಚೊಕ್ಕ ಇರುತ್ತದೆ ಅಂತ ಯಾರೋ ಹೇಳಿದರು. ಬೆಂಗಳೂರಿಗೆ ಹೋದವನು ಎಸ್.ಪಿ. ರೋಡಿನಲ್ಲಿ ಒಂದು ಮೋಡೆಮ್ ಕೊಂಡು ತಂದೆ. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ ಅದು.

ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಮುಂದೆ ಸಾಲಾಗಿ ಕೆಂಪು ದೀಪಗಳು. ಹಿಂದೆ ಎರಡು ತೂತು, ಒಂದು ಟೆಲಿಫೋನ್ ಲೈನಿಗೆ, ಇನ್ನೊಂದು ಫೋನಿಗೆ. ಡಬ್ಬದ ಮೇಲೆ 56ಕೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಂದರೆ ಸೆಕೆಂಡಿಗೆ 56 ಸಾವಿರ ಬಿಟ್. ಆ ವೇಗ ಇಂಟರ್ನೆಟ್ಟಿಗೆ, ಅದೂ ಆ ಕಡೆಯಿಂದ ಬರುವುದಕ್ಕೆ ಮಾತ್ರ. ಫ್ಯಾಕ್ಸ್ ಹೋಗುವುದು ಹೆಚ್ಚೆಂದರೆ ಸೆಕೆಂಡಿಗೆ 14,400 ಬಿಟ್.

ಕೂಡಿಸಲು ಕೂತ ರಾತ್ರಿಯೇ ಮೊದಲ ತಡೆ. ಮೋಡೆಮ್ ಕೇಬಲ್ಲಿನ ತುದಿಗೆ 9 ತೂತಿನ ಕನೆಕ್ಟರ್. ನನ್ನ ಕಂಪ್ಯೂಟರಿನ ಹಿಂದೆ 9 ಪಿನ್ನಿನ ಜಾಗವೇನೋ ಇತ್ತು, ಅದರಲ್ಲಿ ಮೌಸ್ ಕೂತಿತ್ತು. ಉಳಿದದ್ದು 25 ಪಿನ್ನಿನ ಅಗಲದ ಪೋರ್ಟ್. ಶಿವಮೊಗ್ಗಕ್ಕೆ ಹೋಗಿ ಕನ್ವರ್ಟರ್ ತರಬೇಕೇನೋ ಎಂದು ಯೋಚಿಸುತ್ತಿದ್ದಾಗ ಮೌಸಿನ ಹಳೆಯ ಡಬ್ಬ ನೆನಪಾಯಿತು. ಅಟ್ಟದಿಂದ ಇಳಿಸಿ ನೋಡಿದರೆ ಅದರ ಮೂಲೆಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, 9ರಿಂದ 25ಕ್ಕೆ ಬದಲಿಸುವ ತುಂಡು ಹಾಗೇ ಇತ್ತು. ಮೌಸನ್ನು ಅಗಲದ ಪೋರ್ಟಿಗೆ ಸರಿಸಿ, ಅದರ ಜಾಗಕ್ಕೆ ಮೋಡೆಮ್ ಹಾಕಿದೆ.

ವಿಂಡೋಸ್ 98ರಲ್ಲಿ ಹೈಪರ್‌ಟರ್ಮಿನಲ್ ತೆರೆದು ಎಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಎಟಿ ಅಂದರೆ ಮೋಡೆಮ್ಮನ್ನು "ಇಲ್ಲಿ ಕೇಳು" ಎಂದು ಕರೆದ ಹಾಗೆ. ಕೆಳಗಿನ ಸಾಲಿನಲ್ಲಿ ಓಕೆ ಎಂದು ಬಂತು. ಅಷ್ಟೇ, ಎರಡು ಅಕ್ಷರ. ನನಗಾದ ಸಂತೋಷ ಮಾತ್ರ ಇವತ್ತಿಗೂ ನೆನಪಿದೆ. ಆ ಪೆಟ್ಟಿಗೆ ನನ್ನ ಮಾತು ಕೇಳಿಸಿಕೊಂಡು ಓಗೊಟ್ಟಿತ್ತು.

ಡಯಲ್ ಮಾಡು ಎಂದರೆ ಮಾತ್ರ ಮಾಡಲೊಲ್ಲದು. ಡಯಲ್ ಟೋನ್ ಇಲ್ಲ ಎಂದು ಹೇಳಿ ಲೈನ್ ಕೆಳಗಿಡುತ್ತಿತ್ತು. ಫೋನ್ ಎತ್ತಿದರೆ ನನಗೆ ಟೋನ್ ಚೆನ್ನಾಗಿ ಕೇಳಿಸುತ್ತಿದೆ! ಕಾರಣ ಆಮೇಲೆ ತಿಳಿಯಿತು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರ ಸೇರಿದ ಸದ್ದು. ನಮ್ಮ ದೇಶದ್ದು 400 ಹರ್ಟ್ಸ್‌ನ, ಸ್ವಲ್ಪ ಗುರುಗುಟ್ಟುವ ಸದ್ದು. ಮೋಡೆಮ್ ಕಲಿತು ಬಂದ ಸ್ವರವೇ ಬೇರೆ. ಎಟಿಎಕ್ಸ್3 ಎಂದು ಕೊಟ್ಟರೆ ಟೋನಿಗೆ ಕಾಯದೆ ನಂಬರ್ ತಿರುಗಿಸುತ್ತದೆ ಎಂದು ಅದರ ಪುಸ್ತಕದ ಕೊನೆಯ ಪುಟಗಳಲ್ಲಿ ಸಿಕ್ಕಿತು. ಕೊಟ್ಟೆ. ತಿರುಗಿಸಿತು.

ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಬೂತಿಗೇ ಒಂದು ಫ್ಯಾಕ್ಸ್ ಕಳಿಸಿದೆ. ಲೋಕಲ್ ಕಾಲ್, ಖರ್ಚು ಕಮ್ಮಿ. ಹೋಯಿತು ಎಂದು ಸ್ಕ್ರೀನ್ ಹೇಳಿದ್ದೇ ತಡ, ಸೈಕಲ್ ಹತ್ತಿ ಓಡಿದೆ. ಬೂತಿನ ಹುಡುಗ ಬಿಸಿ ಬಿಸಿ ಸುರುಳಿ ಕಾಗದ ಹರಿದು ಕೈಗೆ ಕೊಟ್ಟು, "ಅಣ್ಣಾ, ಹೆಸ್ರೆಲ್ಲ ಅರ್ಧಂಬರ್ಧ ಬಂದಿದೆ ನೋಡಿ" ಎಂದ. ನಿಜ. "ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ" ಎಂಬ ಸಾಲಿನಲ್ಲಿ "ಕ್ಷ್ಮೀ" ಅನ್ನುವುದು ಕೆಳಗೆ ಒಂದು ಕಪ್ಪು ಚುಕ್ಕೆಯಾಗಿತ್ತು. ಅಣ್ಣಪ್ಪ ಅನ್ನುವವರು ಅಣಪ ಆಗಿದ್ದರು.

ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಸಾದಾ ಫ್ಯಾಕ್ಸಿನಲ್ಲಿ ಅಡ್ಡಕ್ಕೆ ಇಂಚಿಗೆ 204 ಚುಕ್ಕೆ, ಆದರೆ ಮೇಲಿಂದ ಕೆಳಕ್ಕೆ ಇಂಚಿಗೆ 98 ಗೆರೆ ಮಾತ್ರ. ಲಗ್ನಪತ್ರಿಕೆಯ ಕೆಳಭಾಗದ ಹೆಸರುಗಳು 8 ಪಾಯಿಂಟಿನವು, ಇಂಚಿಗೆ 72 ಪಾಯಿಂಟ್. ಅಂದರೆ ಒಂದು ಅಕ್ಷರಕ್ಕೆ ಸಿಗುವುದು 11 ಗೆರೆ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮದು ಹಾಗಲ್ಲ ನೋಡಿ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಕೆಲವು ಕಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಎಲ್ಲವೂ ಆ 11 ಗೆರೆಯೊಳಗೇ ಸಂಸಾರ ಮಾಡಬೇಕು. ಫೈನ್ ಎಂದು ಆರಿಸಿದರೆ ಗೆರೆ ಇಂಚಿಗೆ 196 ಆಗುತ್ತದೆ. ಹೊತ್ತು ದುಪ್ಪಟ್ಟು, ಎಸ್‌ಟಿಡಿ ಬಿಲ್ಲೂ ಅಷ್ಟೇ. ಆದರೆ ಒತ್ತು ಉಳಿಯುತ್ತದೆ. ಕನ್ನಡವನ್ನು ಯಾವತ್ತೂ ಫೈನ್‌ನಲ್ಲೇ ಕಳಿಸುವುದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಅದಾಗಿ ಎರಡು ದಿನಕ್ಕೆ ಒಬ್ಬರು ರಾಯರು ಮಗಳ ಮದುವೆಯ ಪತ್ರಿಕೆ ಮಾಡಿಸಲು ಬಂದರು. ಮುಂಬೈಯಲ್ಲಿರುವ ಅವರ ತಮ್ಮ ಒಪ್ಪದೆ ಅಚ್ಚಿಗೆ ಕೊಡುವಂತಿಲ್ಲ. ಅವರ ಆಫೀಸಿನಲ್ಲಿ ಫ್ಯಾಕ್ಸ್ ಇದೆ, ಸಂಜೆ ಐದೂವರೆಯವರೆಗೆ ಅಲ್ಲಿರುತ್ತಾರೆ. ಪ್ರೆಸ್ಸಿನವರು ಅದೇ ರಾತ್ರಿ ಮಷೀನ್ ಖಾಲಿ ಇಟ್ಟಿದ್ದರು. ಅದು ತಪ್ಪಿದರೆ ಇನ್ನು ನಾಲ್ಕು ದಿನ. ರಾತ್ರಿ 11ರ ಮೇಲೆ ಎಸ್‌ಟಿಡಿಗೆ ಆಗ ಕಾಲು ಭಾಗ ಚಾರ್ಜ್ ಇತ್ತು, ಆದರೆ ಅಷ್ಟು ಹೊತ್ತಿಗೆ ಆಫೀಸಿನಲ್ಲಿ ಯಾರಿರುತ್ತಾರೆ? ಹಗಲಲ್ಲೇ ಕಳಿಸಬೇಕು.

ಮಧ್ಯಾಹ್ನ ಮೂರಕ್ಕೆ ಕಳಿಸಲು ಕೂತೆ. ಆ ಕಡೆ ಫ್ಯಾಕ್ಸ್ ಎತ್ತಿಕೊಂಡಿತು, ಉದ್ದಕ್ಕೆ ಸಿಳ್ಳೆ ಹಾಕಿತು. ನಮ್ಮದು ಗೊರ್ ಎಂದಿತು. ಅದೂ ಗೊರ್ ಎಂದಿತು. ಹಾಗೇ ಐದಾರು ಸಲ. ಕೊನೆಗೆ ಕಟ್. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ.

ಆ ಗೊರಗೊರಕ್ಕೆ ಅರ್ಥ ಇದೆ. ಎರಡೂ ಕಡೆಯವು ಮೊದಲು ಸೆಕೆಂಡಿಗೆ 300 ಬಿಟ್‌ನಲ್ಲಿ ನಿಧಾನವಾಗಿ ಮಾತಾಡಿಕೊಳ್ಳುತ್ತವೆ. ನಿನಗೆಷ್ಟು ವೇಗ ಬರುತ್ತದೆ, ಕಾಗದ ಎಷ್ಟಗಲ, ಫೈನ್ ನಡೆಯುತ್ತದಾ ಎಂದೆಲ್ಲ. ಆಮೇಲೆ ಕಳಿಸುವವನು ಆ ವೇಗದಲ್ಲಿ ಒಂದೂವರೆ ಸೆಕೆಂಡ್ ಬರೀ ಸೊನ್ನೆಗಳನ್ನು ಕಳಿಸಿ ನೋಡುತ್ತಾನೆ. ಸೊನ್ನೆಗಳು ಸರಿಯಾಗಿ ತಲುಪಿದರೆ ಆ ಕಡೆಯವನು ಹೂಂ ಅನ್ನುತ್ತಾನೆ. ಇಲ್ಲದಿದ್ದರೆ ಇನ್ನೊಂದು ಮೆಟ್ಟಿಲು ಇಳಿ ಅನ್ನುತ್ತಾನೆ. 14,400ರಿಂದ 12,000, ಆಮೇಲೆ 9,600, 7,200, 4,800, ಕೊನೆಗೆ 2,400. ನನ್ನದು ಅಷ್ಟೂ ಮೆಟ್ಟಿಲು ಇಳಿದು ಸೋಲುತ್ತಿತ್ತು. ಅಂದರೆ ಮೋಡೆಮ್ ಸರಿ ಇದೆ, ಲೈನ್ ಸರಿ ಇಲ್ಲ. ಹಿಂದಿನ ದಿನ ಸಂಜೆ ಒಂದು ಜೋರು ಮಳೆ ಹೊಡೆದಿತ್ತು.

ಎಕ್ಸ್‌ಚೇಂಜಿಗೆ ಓಡಿದೆ. ಲೈನ್‌ಮನ್ ಆಗಷ್ಟೇ ಇನ್ನೊಂದು ಕೆಲಸ ಮುಗಿಸಿ ಬಂದು ಟೀ ಕುಡಿಯುತ್ತಿದ್ದರು. ವಯಸ್ಸಾದವರು, ನಮ್ಮ ಬೀದಿಯ ಪ್ರತಿ ತಂತಿಯೂ ಅವರಿಗೆ ಗೊತ್ತು. ವಿಷಯ ಹೇಳಿದೆ. ಅರ್ಧ ಟೀ ಹಾಗೇ ಬಿಟ್ಟು ಎದ್ದರು. ಬೆಲ್ಟಿಗೆ ಸಿಕ್ಕಿಸಿದ ಟೆಸ್ಟ್ ಫೋನ್, ಹೆಗಲ ಮೇಲೆ ಏಣಿ.

ಅಂಗಡಿಗೆ ಬಂದು ಲೈನಿಗೆ ಕ್ಲಿಪ್ ಹಾಕಿ, ಒಂದು ನಂಬರ್ ಒತ್ತಿ ಟೋನ್ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿದರು. ನನ್ನ ಕಿವಿಗೂ ಹಿಡಿದರು. ಮಾತಾಡುವಾಗ ಗಮನಕ್ಕೇ ಬಾರದ ಕರಕರ, ಒಣ ಎಲೆ ತುಳಿದ ಹಾಗೆ.

"ಮನುಷ್ಯನ ಮಾತಿಗೆ ಈ ಲೈನ್ ಸಾಕು ಮಾರಾಯ. ನಿನ್ನ ಪೆಟ್ಟಿಗೆಗೆ ಸಾಲದು."

ಅಂಗಡಿಯ ಹಿಂದೆಯೇ ನಮ್ಮ ಮನೆ. ಕಂಬದಿಂದ ಬಂದ ಡ್ರಾಪ್ ವೈರ್ ಮಾಡಿನ ಅಂಚಿನಲ್ಲಿ ಕವಲೊಡೆದು, ಒಂದು ಕವಲು ಅಂಗಡಿಗೆ, ಇನ್ನೊಂದು ಅದೇ ಲೈನಿನ ಮನೆಯ ಪ್ಯಾರಲಲ್ ಫೋನಿಗೆ ಹೋಗುತ್ತಿತ್ತು. ಏಣಿ ಹತ್ತಿ ಆ ಜಾಯಿಂಟಿನ ಟೇಪ್ ಬಿಚ್ಚಿ ನನಗೆ ತೋರಿಸಿದರು. ಒಳಗೆ ನೀರು ಕೂತಿತ್ತು. ತಿರುಚಿ ಕಟ್ಟಿದ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು, ಹಳೆಯ ಹರಿವಾಣದ ಅಂಚಿನಲ್ಲಿ ಹಿಡಿಯುತ್ತದಲ್ಲ, ಅಂಥದ್ದು. ಒಂದು ಎಳೆ ಮುಟ್ಟಿದರೆ ಪುಡಿಯಾಯಿತು. ಬ್ಲೇಡಿನಿಂದ ಕೆರೆದು ತಾಮ್ರ ಕೆಂಪಗೆ ಹೊಳೆಯುವವರೆಗೆ ಬಿಡಲಿಲ್ಲ. ಹೊಸದಾಗಿ ತಿರುಚಿ, ಟೇಪ್ ಸುತ್ತಿ, ಜಾಯಿಂಟನ್ನು ಹೆಂಚಿನ ಕೆಳಗೆ ಮಳೆ ತಾಗದ ಕಡೆ ಸಿಕ್ಕಿಸಿದರು. "ಆ ಮನೆ ಫೋನ್ ಯಾರೂ ಎತ್ತದ ಹಾಗೆ ನೋಡಿಕೊ" ಎಂದರು. ಅಮ್ಮ ರಿಸೀವರ್ ಮೇಲೆ ಒಂದು ಟವೆಲ್ ಹೊದೆಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಳು.

ಇಂಥವರ ಕೈಯಿಂದಲೇ ಊರೂರಿಗೆ ಫೋನ್ ಬಂದದ್ದು. ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಯಾರಿಸಿದ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎ.ಸಿ. ರೂಮಿಲ್ಲದೆ ನಡೆಯುವ ಹಾಗೆ ಅದನ್ನು ಮಾಡಿದ್ದರು. ಆದರೆ ಎಕ್ಸ್‌ಚೇಂಜ್ ಎಷ್ಟೇ ಚೆನ್ನಾಗಿದ್ದರೂ, ಅಲ್ಲಿಂದ ಮನೆಯವರೆಗಿನ ತಂತಿಯನ್ನು ಮಳೆಯಲ್ಲಿ, ಮರದ ಕೊಂಬೆಯಲ್ಲಿ ಕಾಯುವವರು ಇವರೇ ಅಲ್ವಾ?

ನಾಲ್ಕೂ ಮುಕ್ಕಾಲು. ಪಶ್ಚಿಮಕ್ಕೆ ಮೋಡ ಕಪ್ಪಾಗುತ್ತಿತ್ತು. ಸಿಡಿಲಿನ ದಿನಗಳಲ್ಲಿ ಮೋಡೆಮ್ಮಿಗೆ ಎರಡು ಕಡೆಯಿಂದಲೂ ಅಪಾಯ. ಕರೆಂಟಿನಿಂದಲೂ ಬರುತ್ತದೆ, ಫೋನ್ ತಂತಿಯಿಂದಲೂ ಬರುತ್ತದೆ. ಗುಡುಗು ಹತ್ತಿರವಾದರೆ ಎಲ್ಲ ಕಿತ್ತಿಡಲೇಬೇಕು. ಲೈನ್‌ಮನ್ ಹೋಗಲಿಲ್ಲ, ಬಾಗಿಲಲ್ಲೇ ನಿಂತರು. ರಾಯರು ಸ್ಟೂಲಿನ ತುದಿಯಲ್ಲಿ ಕೂತಿದ್ದರು.

ಡಯಲ್ ಆಯಿತು. ಸಿಳ್ಳೆ. ಗೊರ್. ಇನ್ನೊಂದು ಗೊರ್. ಆಮೇಲೆ ಒಂದು ಕ್ಷಣ ಮೌನ. ಸ್ಕ್ರೀನಿನಲ್ಲಿ 9,600 ಎಂದು ಬಂತು. ಸ್ಪೀಕರ್ ಸುಮ್ಮನಾಯಿತು, ಕಳಿಸುವ ದೀಪ ಹತ್ತಿಕೊಂಡಿತು. ಯಾರೂ ಮಾತಾಡಲಿಲ್ಲ. ಎರಡು ನಿಮಿಷಕ್ಕೆ ಪುಟ ಹೋಯಿತು.

"ಹೋಯ್ತಾ?" ಎಂದರು ರಾಯರು.

"ಹೋಯ್ತು."

ಮುಂಬೈಯಿಂದ ಫೋನ್ ಬರುತ್ತದೆ ಎಂದುಕೊಂಡಿದ್ದೆವು. ಬಂದದ್ದು ಫ್ಯಾಕ್ಸ್. ಹತ್ತು ನಿಮಿಷದ ಮೇಲೆ ರಿಂಗ್ ಆಯಿತು, ಮೋಡೆಮ್ ತಾನೇ ಎತ್ತಿಕೊಂಡಿತು. ಮುಗಿದ ಮೇಲೆ ತೆರೆದೆ. ಪುಟ ಮೇಲಿನಿಂದ ಮೆಲ್ಲಗೆ ಮೂಡಿತು. ನಾನು ಜೋಡಿಸಿದ ಅದೇ ಪತ್ರಿಕೆ, ಸ್ವಲ್ಪ ಓರೆಯಾಗಿ. ಕ್ಷ್ಮೀ ಪೂರ್ತಿ ಇತ್ತು, ಷಕಾರದ ಒತ್ತು, ಅದರ ಕೆಳಗೆ ಮಕಾರದ ಒತ್ತು. ಅಷ್ಟು ನೋಡಿಯೇ ನನಗೆ ಸಮಾಧಾನವಾಯಿತು. ಕೆಳಗೆ, ಸುಖಾಗಮನ ಬಯಸುವವರ ಪಟ್ಟಿಯ ತಲೆಯಲ್ಲಿ, ಪೆನ್ನಿನಿಂದ ಒಂದು ಬಾಣ ಎಳೆದು ಬರೆದಿದ್ದರು: "ಅಕ್ಕನ ಹೆಸರು ಎಲ್ಲಿ? ಮೊದಲು ಅವಳದ್ದು ಬರಬೇಕು. ಅನ್ನಪೂರ್ಣಮ್ಮ."

ರಾಯರು ಮಾತಾಡಲಿಲ್ಲ. ಅಕ್ಕ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮದುಮಗಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಹಿಂದಿನ ದಿನ ರಾಯರು ಪೂರ್ತಿ ಪಟ್ಟಿಯನ್ನು ಫೋನಿನಲ್ಲಿ ತಮ್ಮನಿಗೆ ಓದಿ ಹೇಳಿದ್ದರಂತೆ. ಆಗ ಅವರೂ ಹೂಂ ಅಂದಿದ್ದರಂತೆ. ಕಣ್ಣಿಗೆ ಬಿದ್ದಾಗಲೇ ಇಲ್ಲದ ಹೆಸರು ಕಂಡದ್ದು.

"ಬರೆಯಪ್ಪಾ, ಅವನು ಹೇಳಿದ ಹಾಗೇ ಮೇಲೆ ಹಾಕು" ಎಂದರು ರಾಯರು.

ಹಾಕಿದೆ. ಅನ್ನಪೂರ್ಣಮ್ಮ. ನಕಾರದ ಒತ್ತು, ಅರ್ಕಾವತ್ತು, ಮಕಾರದ ಒತ್ತು. ಉಳಿದ ಹೆಸರುಗಳು ಒಂದೊಂದು ಸಾಲು ಕೆಳಗೆ ಸರಿದವು. ಟ್ರೇಸಿಂಗ್ ಪೇಪರಿನ ಪ್ರಿಂಟ್ ಪ್ರೆಸ್ಸಿಗೆ ಕೊಡಲು ಸುತ್ತಿಟ್ಟೆ. ಮುಂಬೈಯಿಂದ ಬಂದ ಆ ಹಾಳೆಯ ಒಂದು ಪ್ರತಿ ಬೇಕು ಎಂದು ರಾಯರು ಕೇಳಿದರು. ಪ್ರಿಂಟ್ ತೆಗೆದು ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು.

"ಅಕ್ಕನಿಗೆ ತೋರಿಸ್ತೇನೆ."

ದುಡ್ಡು ಕೊಡಲು ತಿರುಗಿದರೆ ಲೈನ್‌ಮನ್ ಆಗಲೇ ಏಣಿ ಎತ್ತಿಕೊಂಡು ಬೀದಿಯ ತಿರುವು ದಾಟಿದ್ದರು. ಮೊದಲ ಗುಡುಗು ಕೇಳಿಸಿತು. ಬಗ್ಗಿ ಮೋಡೆಮ್ಮಿನ ಹಿಂದಿನಿಂದ ಫೋನಿನ ತಂತಿ ಕಿತ್ತೆ, ಆಮೇಲೆ ಕರೆಂಟಿನದ್ದು. ಒಳಗಿನಿಂದ ಅಮ್ಮ ಕೂಗಿ ಕೇಳಿದಳು, "ಟವೆಲ್ ತೆಗೀಬಹುದೇನೋ?"